103.5 ಮತ್ತು ಕಿಸೆಯ ಫೋನು: ಭದ್ರಾವತಿ ಆಕಾಶವಾಣಿಯ ಸುತ್ತ ಒಂದು ಸಂಶೋಧನಾ ಟಿಪ್ಪಣಿ

ಹೊಸ ಮೊಬೈಲ್ ಕೊಳ್ಳುವಾಗ ಕ್ಯಾಮೆರಾ ಹೇಗಿದೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಚಾರ್ಜ್ ಎಷ್ಟು ಬೇಗ ಆಗುತ್ತದೆ ಎಂದು ಎಲ್ಲರೂ ವಿಚಾರಿಸುತ್ತಾರೆ. ರೇಡಿಯೊ ಬರುತ್ತದೆಯೇ ಎಂದು ಕೇಳುವವರು ಕಡಿಮೆ. ಕೇಳಿದರೂ ‘ಆ್ಯಪ್ ಹಾಕ್ಕೊಳ್ಳಿ ಸಾರ್, ಎಲ್ಲಾ ಸ್ಟೇಷನ್ನೂ ಬರುತ್ತೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರ ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಶಿವಮೊಗ್ಗದ ಗೋಪಾಳದಲ್ಲಿ ಕುಳಿತು, ಭದ್ರಾವತಿ ಆಕಾಶವಾಣಿಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಫೋನಿನಿಂದ ರೇಡಿಯೊ ಮರೆಯಾಗುತ್ತಿರುವುದು ತಂತ್ರಜ್ಞಾನದ ಅನಿವಾರ್ಯತೆಯಿಂದಲ್ಲ. ತಯಾರಕರು ಮತ್ತು ಆಪರೇಟಿಂಗ್ ಸಿಸ್ಟಂ ರೂಪಿಸುವವರು ತೆಗೆದುಕೊಂಡ ಕೆಲವು ತೀರ್ಮಾನಗಳಿಂದ. ಆ ತೀರ್ಮಾನಗಳು ಮಲೆನಾಡಿನಂಥ ಪ್ರದೇಶಕ್ಕೆ ನಷ್ಟ ತಂದಿವೆ.

ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದದ್ದು 1965ರಲ್ಲಿ. ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯೂ ಕಾಗದ ಕಾರ್ಖಾನೆಯೂ ಇದ್ದ ಆ ಊರಿನಿಂದ ಹೊರಟ ಧ್ವನಿ ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ ಕಡೆಯ ಮನೆಗಳಲ್ಲಿ ಬೆಳಗಿನ ಕೆಲಸದ ಜೊತೆಗೇ ಕೇಳಿಸುತ್ತಿತ್ತು. ಕೃಷಿರಂಗ, ಪ್ರದೇಶ ಸಮಾಚಾರ, ಹವಾಮಾನ, ಹಾಡು. ಕರ್ನಾಟಕದ ಮಟ್ಟಿಗೆ ಈ ಪರಂಪರೆ ಇನ್ನೂ ಹಳೆಯದು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಸ್ವಂತ ಆಸಕ್ತಿಯಿಂದ ನಡೆಸಿದ ಬಾನುಲಿಗೆ ಇಟ್ಟ ಹೆಸರೇ ಆಕಾಶವಾಣಿ. ಅದೇ ಹೆಸರು ಮುಂದೆ ಇಡೀ ದೇಶದ್ದಾಯಿತು.

ಇಂದು ಭದ್ರಾವತಿ ಕೇಂದ್ರ ಎರಡು ದಾರಿಯಲ್ಲಿ ಗಾಳಿಗೆ ಬರುತ್ತದೆ: ಮಧ್ಯಮ ತರಂಗದಲ್ಲಿ 675 ಕಿಲೋಹರ್ಟ್ಸ್, ಎಫ್‌ಎಂನಲ್ಲಿ 103.5 ಮೆಗಾಹರ್ಟ್ಸ್. ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲೇ ನಮ್ಮ ಪ್ರಶ್ನೆಯ ಅರ್ಧ ಭಾಗ ಅಡಗಿದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. 675 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 444 ಮೀಟರ್. ಇಂಥ ಉದ್ದನೆಯ ಅಲೆ ನೆಲವನ್ನು ತಬ್ಬಿಕೊಂಡು ಸಾಗುತ್ತದೆ, ಗುಡ್ಡ ಅಡ್ಡ ಬಂದರೆ ಬಳಸಿಕೊಂಡು ಆಚೆಗೂ ಇಳಿಯುತ್ತದೆ. ಹಳೆಯ ಟ್ರಾನ್ಸಿಸ್ಟರ್ ಸೆಟ್ಟುಗಳಲ್ಲಿ ಅದನ್ನು ಹಿಡಿಯುತ್ತಿದ್ದದ್ದು ತಂತಿ ಸುತ್ತಿದ ಕಪ್ಪು ಫೆರೈಟ್ ಕಡ್ಡಿ. ಸೆಟ್ಟನ್ನು ಅತ್ತಿತ್ತ ತಿರುಗಿಸಿ ಇಟ್ಟರೆ ಧ್ವನಿ ಸ್ಪಷ್ಟವಾಗುತ್ತಿದ್ದದ್ದು ಆ ಕಡ್ಡಿಯ ದಿಕ್ಕಿನಿಂದ. ಮೊಬೈಲ್ ಫೋನಿನೊಳಗೆ ಇಂಥ ಕಡ್ಡಿಗೆ ಜಾಗವಿಲ್ಲ. ಅದೇ ಫೋನಿನ ಪ್ರೊಸೆಸರ್, ಡಿಸ್‌ಪ್ಲೇಗಳು ಹುಟ್ಟಿಸುವ ವಿದ್ಯುತ್ ಗದ್ದಲ ಮಧ್ಯಮ ತರಂಗವನ್ನು ಮುಚ್ಚಿಹಾಕುತ್ತದೆ. ಹಾಗಾಗಿ 675 ಫೋನಿಗೆ ದಕ್ಕುವುದಿಲ್ಲ. ಫೋನಿಗೆ ಉಳಿದಿರುವುದು 103.5 ಮಾತ್ರ.

103.5 ಮೆಗಾಹರ್ಟ್ಸ್ ಅಲೆಯ ಉದ್ದ 2.9 ಮೀಟರ್. ಇದನ್ನು ಹಿಡಿಯಲು ಅದರ ಕಾಲು ಭಾಗದಷ್ಟು, ಅಂದರೆ ಸುಮಾರು 72 ಸೆಂಟಿಮೀಟರ್ ತಂತಿ ಸಾಕು. ಇಯರ್‌ಫೋನಿನ ವೈರು ಒಂದು ಮೀಟರಿನ ಆಸುಪಾಸಿನಲ್ಲಿರುತ್ತದೆ. ಹೀಗೆ ಕಿವಿಗೆ ಹಾಡು ತರುವ ವೈರೇ ಆಂಟೆನಾದ ಕೆಲಸವನ್ನೂ ಮಾಡುತ್ತದೆ. ಎಫ್‌ಎಂ ತೆರೆದರೆ ‘ಹೆಡ್‌ಸೆಟ್ ಜೋಡಿಸಿ’ ಎಂದು ಫೋನು ಕೇಳುವುದು ಇದಕ್ಕೇ. ಗೋಪಾಳದ ನನ್ನ ಮನೆಯಲ್ಲಿ ನಡುಮನೆಯ ಗೋಡೆಗೆ ಒರಗಿ ಕುಳಿತಾಗ ಚರಚರ ಎನ್ನುವ ಭದ್ರಾವತಿ, ವೈರನ್ನು ಬಿಡಿಸಿ ಕಿಟಕಿಯ ಸರಳಿನ ಪಕ್ಕ ಇಳಿಬಿಟ್ಟರೆ ತಿಳಿಯಾಗುತ್ತದೆ. ವೈರು ಸುರುಳಿ ಸುತ್ತಿಕೊಂಡಿದ್ದರೆ ಮತ್ತೆ ಗದ್ದಲ. ಸ್ಪೀಕರಿನಲ್ಲಿ ಕೇಳುವುದಾದರೂ ಇಯರ್‌ಫೋನ್ ಸಿಕ್ಕಿಸಿಯೇ ಇಡಬೇಕು. ಈ ಸಣ್ಣ ಪರಿಪಾಠ ರೇಡಿಯೊ ಕೇಳುವ ಪ್ರತಿಯೊಬ್ಬರಿಗೂ ಗೊತ್ತು.

ಈಗ ದೂರದ ಲೆಕ್ಕ. ಎಫ್‌ಎಂ ಅಲೆ ಬಹುಮಟ್ಟಿಗೆ ನೇರ ಸಾಗುತ್ತದೆ, ಭೂಮಿ ಬಾಗಿದಲ್ಲಿ ಕೈಬಿಡುತ್ತದೆ. ಪ್ರಸಾರದ ಕಂಬ 100 ಮೀಟರ್ ಎತ್ತರವಿದೆ ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ, ನೆಲದ ಮೇಲೆ ನಿಂತವರಿಗೆ ಅದು ಸಿಗುವ ಅಂತರ ಸುಮಾರು 46 ಕಿಲೋಮೀಟರ್. ಅದೂ ದಾರಿಯಲ್ಲಿ ಗುಡ್ಡಗಳಿಲ್ಲದಿದ್ದರೆ. ಶಿವಮೊಗ್ಗ ನಗರ ಭದ್ರಾವತಿಯಿಂದ ಇಪ್ಪತ್ತು ಕಿಲೋಮೀಟರಿನ ಒಳಗೇ ಇರುವುದರಿಂದ ಗೋಪಾಳಕ್ಕೆ ತೊಂದರೆಯಿಲ್ಲ. ನೇರ ಅಂತರದಲ್ಲೇ ಐವತ್ತು ಕಿಲೋಮೀಟರ್ ದಾಟುವ ತೀರ್ಥಹಳ್ಳಿಗೆ, ಅದಕ್ಕೂ ಆಚೆಗಿನ ಆಗುಂಬೆಗೆ, ಸಾಗರದ ಕಡೆಗೆ ಈ ಲೆಕ್ಕ ಕಷ್ಟವಾಗುತ್ತದೆ. ಅಲ್ಲಿ ಕಣಿವೆಯೊಳಗಿನ ಮನೆಗೆ 675 ಇಳಿಯಬಲ್ಲದು, 103.5 ಇಳಿಯದೇ ಹೋಗಬಹುದು. ಮಧ್ಯಮ ತರಂಗದ ಪ್ರಸಾರಕಗಳನ್ನು ದೇಶದ ಹಲವೆಡೆ ಒಂದೊಂದಾಗಿ ನಿಲ್ಲಿಸುತ್ತಿರುವ ಈ ಕಾಲದಲ್ಲಿ ಈ ವ್ಯತ್ಯಾಸವನ್ನು ಮರೆಯಬಾರದು.

ಇನ್ನು ಫೋನಿನ ಕಡೆಗೆ. ವೈ-ಫೈ, ಬ್ಲೂಟೂತ್ ನಿಭಾಯಿಸುವ ಚಿಪ್ಪಿನಲ್ಲೇ ಎಫ್‌ಎಂ ಗ್ರಾಹಕವನ್ನೂ ಸೇರಿಸುವುದು ಮೊಬೈಲ್ ಉದ್ಯಮದಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಎಷ್ಟೋ ಮಾದರಿಗಳಲ್ಲಿ ಗ್ರಾಹಕ ಒಳಗೇ ಇರುತ್ತದೆ, ಆದರೆ ಅದಕ್ಕೆ ಆಂಟೆನಾದ ದಾರಿ ಜೋಡಿಸಿರುವುದಿಲ್ಲ. ಅಥವಾ ಜೋಡಿಸಿದ್ದರೂ ತಂತ್ರಾಂಶದಲ್ಲಿ ಬೀಗ ಹಾಕಿರುತ್ತಾರೆ. ಕಡಿಮೆ ಬೆಲೆಯ ಫೋನುಗಳಲ್ಲೂ ಕೀಪ್ಯಾಡ್ ಸೆಟ್ಟುಗಳಲ್ಲೂ ಎಫ್‌ಎಂ ಉಳಿದಿದೆ, ಬೆಲೆ ಏರಿದಂತೆ ಅದು ಕಾಣೆಯಾಗುತ್ತದೆ. ಹೆಚ್ಚು ಹಣ ಕೊಟ್ಟವರಿಗೆ ಸವಲತ್ತು ಕಡಿಮೆಯಾಗುವ ಇಂಥ ಉದಾಹರಣೆ ಗ್ರಾಹಕ ವಸ್ತುಗಳಲ್ಲಿ ಅಪರೂಪ.

ಆ್ಯಪಲ್ ಕಂಪನಿಯ ಇತಿಹಾಸ ಇಲ್ಲಿ ಗಮನಾರ್ಹ. 2009ರ ಐಪಾಡ್ ನ್ಯಾನೊದಲ್ಲಿ ಅವರು ಎಫ್‌ಎಂ ಕೊಟ್ಟಿದ್ದರು. ನೇರಪ್ರಸಾರವನ್ನು ಕೆಲ ನಿಮಿಷ ತಡೆದು ಮತ್ತೆ ಕೇಳುವ ಅನುಕೂಲವೂ ಅದರಲ್ಲಿತ್ತು. ಆದರೆ ಐಫೋನ್ ಬಳಸುವವರಿಗೆ ಎಫ್‌ಎಂ ಯಾವತ್ತೂ ಸಿಗಲಿಲ್ಲ. 2016ರಲ್ಲಿ ಐಫೋನ್ 7ರಿಂದ 3.5 ಮಿಲಿಮೀಟರಿನ ಹೆಡ್‌ಫೋನ್ ಜ್ಯಾಕ್ ಕೂಡ ಹೋಯಿತು. ಮರುವರ್ಷ ಅಮೆರಿಕದಲ್ಲಿ ಚಂಡಮಾರುತಗಳು ಅಪ್ಪಳಿಸಿ ಮೊಬೈಲ್ ಜಾಲ ಕುಸಿದಾಗ ಅಲ್ಲಿನ ಸಂಪರ್ಕ ಆಯೋಗದ ಅಧ್ಯಕ್ಷ ಅಜಿತ್ ಪೈ, ಫೋನಿನೊಳಗಿನ ಎಫ್‌ಎಂ ಚಿಪ್ಪನ್ನು ಚಾಲೂ ಮಾಡಿ ಎಂದು ಬಹಿರಂಗವಾಗಿ ಕೇಳಿದರು. ಐಫೋನ್ 7 ಮತ್ತು 8ರಲ್ಲಿ ಎಫ್‌ಎಂ ಚಿಪ್ಪೂ ಇಲ್ಲ, ಅದಕ್ಕೆ ಬೇಕಾದ ಆಂಟೆನಾ ವಿನ್ಯಾಸವೂ ಇಲ್ಲ ಎಂಬ ಉತ್ತರ ಬಂತು. ಆ ಉತ್ತರ ಸತ್ಯವೇ. ಆದರೆ ಐಫೋನ್ 7ಕ್ಕಿಂತ ಏಳು ವರ್ಷ ಮೊದಲೇ ಬೆರಳುದ್ದದ ಸಂಗೀತಪೆಟ್ಟಿಗೆಯಲ್ಲಿ ಸಾಧ್ಯವಾದದ್ದನ್ನು ಫೋನಿನಲ್ಲಿ ಬಿಟ್ಟದ್ದು ಆಯ್ಕೆ, ಅಸಾಧ್ಯತೆಯಲ್ಲ.

ಜ್ಯಾಕ್ ಹೋದ ಮೇಲೆ ಸಿ-ಪಿನ್ ಇಯರ್‌ಫೋನ್ ಬಂತಲ್ಲ, ಅದೂ ವೈರೇ ಅಲ್ಲವೇ ಎಂದು ಕೇಳಬಹುದು. ವೈರು ಹೌದು, ಆದರೆ ಹಲವು ಸಿ-ಪಿನ್ ಇಯರ್‌ಫೋನುಗಳು ಧ್ವನಿಯನ್ನು ಅಂಕೀಯ ರೂಪದಲ್ಲಿ ಪಡೆಯುತ್ತವೆ. ಅವುಗಳ ಲೋಹದ ಎಳೆ ಎಫ್‌ಎಂ ಗ್ರಾಹಕದ ಬಾಯಿಯವರೆಗೆ ತಲುಪಬೇಕಾದರೆ ತಯಾರಕರು ಬೋರ್ಡಿನಲ್ಲಿ ಬೇರೆಯೇ ಜೋಡಣೆ ಮಾಡಬೇಕು. ಮಾಡಿದವರೂ ಇದ್ದಾರೆ. ಬ್ಲೂಟೂತ್ ಇಯರ್‌ಬಡ್ ಹಾಕಿಕೊಂಡವರಿಗಂತೂ ಈ ದಾರಿ ಪೂರ್ತಿ ಮುಚ್ಚಿತು. ಹಾಗಾದರೆ ಒಳಗೇ ಆಂಟೆನಾ ಇಡಲಾಗದೇ? ನೋಕಿಯಾ 2009ರಲ್ಲಿ 5030 ಎಂಬ ಸಾಮಾನ್ಯ ಕೀಪ್ಯಾಡ್ ಫೋನಿನಲ್ಲಿ ಒಳ ಆಂಟೆನಾ ಕೊಟ್ಟು, ಇಯರ್‌ಫೋನ್ ಇಲ್ಲದೆಯೇ ಎಫ್‌ಎಂ ಕೇಳಿಸಿತ್ತು. ವೈರಿನಷ್ಟು ಬಲ ಅದಕ್ಕಿಲ್ಲ, ನಿಜ. ಗೋಪಾಳದಂಥ ಹತ್ತಿರದ ಜಾಗಕ್ಕೆ ಅದು ಸಾಕು.

ಆಂಡ್ರಾಯ್ಡ್‌ನ ಕಥೆ ಬೇರೆ, ಮತ್ತು ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದದ್ದು. ಕ್ಯಾಮೆರಾ, ಜಿಪಿಎಸ್, ಬ್ಲೂಟೂತ್‌ಗಳನ್ನು ಬಳಸಲು ಯಾವುದೇ ಆ್ಯಪ್ ಬರೆಯುವವರಿಗೂ ಆಂಡ್ರಾಯ್ಡ್ ಸಾರ್ವಜನಿಕ ದಾರಿ ಕೊಟ್ಟಿದೆ, ಬಳಕೆದಾರರ ಅನುಮತಿ ಇದ್ದರೆ ಸಾಕು. ಫೋನಿನ ಎಫ್‌ಎಂ ಗ್ರಾಹಕಕ್ಕೆ ಅಂಥ ದಾರಿ ಇಲ್ಲ. ಪ್ರಸಾರ ರೇಡಿಯೊಗೆ ಸಂಬಂಧಿಸಿದ ಸೌಲಭ್ಯ ಸಿಸ್ಟಂ ಆ್ಯಪ್‌ಗಳಿಗೆ ಮೀಸಲು, ಮುಖ್ಯವಾಗಿ ಕಾರುಗಳಿಗಾಗಿ. ಆದ್ದರಿಂದ ಫೋನಿನ ಎಫ್‌ಎಂ ತಯಾರಕ ಕೊಟ್ಟ ಆ್ಯಪ್‌ನಲ್ಲಿ ಮಾತ್ರ ಬರುತ್ತದೆ. ಅವರು ಕೊಡದಿದ್ದರೆ ಮುಗಿಯಿತು. ಇದರ ಪರಿಣಾಮ ನೋಡಿ. ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಭದ್ರಾವತಿ ಕೇಂದ್ರವನ್ನು ಒತ್ತಿದರೆ, ಇಪ್ಪತ್ತು ಕಿಲೋಮೀಟರ್ ಒಳಗಿನ ಕಂಬದಿಂದ ಧ್ವನಿ ನನ್ನ ಕಿಟಕಿಯವರೆಗೆ ಬಂದು ನಿಂತಿದ್ದರೂ ಆ ಆ್ಯಪ್ ಅದನ್ನು ಮುಟ್ಟಲಾರದು. ಅದೇ ಧ್ವನಿ ಇಂಟರ್ನೆಟ್ಟಿನ ಸರ್ವರ್ ಸುತ್ತಿ, ಮೊಬೈಲ್ ಟವರಿನ ಮೂಲಕ, ಕೆಲವು ಸೆಕೆಂಡು ತಡವಾಗಿ ಅದೇ ಫೋನಿಗೆ ಬರಬೇಕು. ಎಫ್‌ಎಂ ಸಿಗುವಲ್ಲಿ ಎಫ್‌ಎಂ, ಸಿಗದಲ್ಲಿ ಇಂಟರ್ನೆಟ್ ಎಂದು ತಾನಾಗಿ ಬದಲಿಸಿಕೊಳ್ಳುವ ಆ್ಯಪ್ ಮಾಡುವುದು ತಾಂತ್ರಿಕವಾಗಿ ಸಾಧ್ಯವಿರುವ ಕೆಲಸ. ವೇದಿಕೆ ಬಾಗಿಲು ತೆರೆಯದ್ದರಿಂದ ಅದು ಎಲ್ಲ ಫೋನುಗಳಿಗೂ ಆಗಿಲ್ಲ.

ಆ್ಯಪ್ ಬಗ್ಗೆ ನ್ಯಾಯವಾಗಿ ಹೇಳಬೇಕಾದದ್ದೂ ಇದೆ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ನೆಲೆಸಿದ ಭದ್ರಾವತಿಯ ಮಗಳು ಊರಿನ ಸ್ಟೇಷನ್ ಕೇಳುತ್ತಿರುವುದು ಆ್ಯಪ್‌ನಿಂದಲೇ. ಎಫ್‌ಎಂ ಇಳಿಯದ ಹೊಸನಗರದ ಕಣಿವೆಯಲ್ಲಿ ನೆಟ್‌ವರ್ಕ್ ಇದ್ದರೆ ಆ್ಯಪ್ ಆಸರೆ. ಡೇಟಾ ಖರ್ಚಿನ ಮಾತು ಹಿಂದಿನಷ್ಟು ದೊಡ್ಡದಲ್ಲ. ಸೆಕೆಂಡಿಗೆ 64 ಕಿಲೋಬಿಟ್ ವೇಗದ ಪ್ರಸಾರವಾದರೆ ಗಂಟೆಗೆ 28.8 ಎಂಬಿ, ದಿನಕ್ಕೆ ಮೂರು ಗಂಟೆ ಕೇಳಿದರೆ ತಿಂಗಳಿಗೆ ಎರಡೂವರೆ ಜಿಬಿ ಚಿಲ್ಲರೆ. ದಿನಕ್ಕೆ ಒಂದು ಜಿಬಿ ಮೀರಿ ಸಿಗುವ ರೀಚಾರ್ಜ್ ಹಾಕಿಸಿಕೊಂಡವರಿಗೆ ಇದು ಗಮನಕ್ಕೇ ಬರುವುದಿಲ್ಲ. 2024ರ ನವೆಂಬರಿನಲ್ಲಿ ಪ್ರಸಾರ ಭಾರತಿ ತಂದ ವೇವ್ಸ್ ವೇದಿಕೆಯೂ ಇಂಟರ್ನೆಟ್ಟಿನ ಈ ದಾರಿಯನ್ನೇ ಹಿಗ್ಗಿಸಿದೆ.

ತೊಡಕಿರುವುದು ರೀಚಾರ್ಜ್ ಮುಗಿದ ದಿನ, ಕರೆಂಟ್ ಹೋದ ರಾತ್ರಿ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಹಳ್ಳಿಯ ಮೊಬೈಲ್ ಟವರು ಬ್ಯಾಟರಿ ಇಳಿಯುವವರೆಗೆ ಮಾತ್ರ ನಿಲ್ಲುತ್ತದೆ. ನೂರಾರು ಟವರುಗಳಿಗೆ ಡೀಸೆಲ್ ತಲುಪಿಸುವುದಕ್ಕೂ ಒಂದೇ ಪ್ರಸಾರ ಕೇಂದ್ರದ ಜನರೇಟರ್ ನಡೆಸುವುದಕ್ಕೂ ಅಜಗಜಾಂತರ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ಶಿವಮೊಗ್ಗ ನಗರದ ತಗ್ಗು ಬಡಾವಣೆಗಳಿಗೆ ನುಗ್ಗಿದ್ದನ್ನು ಕಂಡವರಿಗೆ, ಅಂಥ ಹೊತ್ತಿನಲ್ಲಿ ಎಲ್ಲಿ ನೀರು, ಯಾವ ರಸ್ತೆ ಬಂದ್ ಎಂಬ ಸುದ್ದಿ ಎಷ್ಟು ಬೇಕೆನಿಸುತ್ತದೆ ಎಂದು ಹೇಳಬೇಕಾಗಿಲ್ಲ. ಅದರ ನಂತರ ಬಂದ ಮೊಬೈಲ್ ಎಚ್ಚರಿಕೆ ಸಂದೇಶದ ವ್ಯವಸ್ಥೆ ಒಳ್ಳೆಯದು. ಅದೂ ಟವರು ಜೀವಂತವಿದ್ದರೆ ಮಾತ್ರ ಬರುತ್ತದೆ. ಒಂದು ಕಂಬದಿಂದ ಹೊರಟ ಎಫ್‌ಎಂ ಅಲೆಗೆ ಸಾವಿರ ಜನ ಕೇಳಿದರೂ ಲಕ್ಷ ಜನ ಕೇಳಿದರೂ ಭಾರ ಒಂದೇ. ಎಲ್ಲರೂ ಒಟ್ಟಿಗೆ ಫೋನ್ ತೆಗೆದಾಗ ಸೋಲುವುದು ಮೊಬೈಲ್ ಜಾಲ.

ಇನ್ನೊಂದು ಸಂಗತಿ ಚರ್ಚೆಯಲ್ಲಿ ಬರುವುದೇ ಇಲ್ಲ. 1980ರ ದಶಕದ ನಡುವಿನವರೆಗೂ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಬೇಕಿತ್ತು. ಯಾರ ಮನೆಯಲ್ಲಿ ಸೆಟ್ಟಿದೆ ಎಂದು ಸರ್ಕಾರಕ್ಕೆ ಗೊತ್ತಿತ್ತು, ಅವರು ಏನು ಕೇಳುತ್ತಾರೆ ಎಂದು ಗೊತ್ತಿರಲಿಲ್ಲ. ಲೈಸೆನ್ಸ್ ಹೋದ ಮೇಲೆ ಸೆಟ್ಟು ಯಾರ ಮನೆಯಲ್ಲಿದೆ ಎಂಬುದೂ ತಿಳಿಯದಾಯಿತು. ಆ್ಯಪ್‌ನಲ್ಲಿ ಹಾಗಲ್ಲ, ಯಾವ ಫೋನಿಗೆ, ಎಷ್ಟು ಹೊತ್ತು, ಯಾವ ಕೇಂದ್ರ ಹೋಯಿತೆಂಬುದು ಸರ್ವರಿನಲ್ಲಿ ದಾಖಲಾಗಬಹುದು. ಕೃಷಿರಂಗ ಕೇಳುವವರಿಗೆ ಇದರಿಂದ ಕೇಡಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಯಾರ ಲೆಕ್ಕಕ್ಕೂ ಸಿಗದೆ ಕೇಳುವ ಸ್ವಾತಂತ್ರ್ಯ ರೇಡಿಯೊದಲ್ಲಿತ್ತು, ಅದಕ್ಕೂ ಬೆಲೆಯಿದೆ.

2023ರ ಏಪ್ರಿಲ್‌ನಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ಮೊಬೈಲ್ ತಯಾರಕರ ಸಂಘಟನೆಗಳಿಗೆ ಒಂದು ಸಲಹೆ ಕಳಿಸಿತು: ಫೋನಿನಲ್ಲಿ ಎಫ್‌ಎಂ ಗ್ರಾಹಕ ಇದ್ದರೆ ಅದನ್ನು ನಿಷ್ಕ್ರಿಯಗೊಳಿಸಬೇಡಿ, ಬಳಕೆದಾರರಿಗೆ ತೆರೆದಿಡಿ. ಬಡವರಿಗೆ ಹಾಗೂ ವಿಪತ್ತಿನ ಸಮಯಕ್ಕೆ ಇದು ಬೇಕು ಎಂಬುದು ಅದರ ತಿರುಳು. ಒಳ್ಳೆಯ ಹೆಜ್ಜೆ. ಆದರೆ ಅದು ಸಲಹೆ, ನಿಯಮವಲ್ಲ. ಗ್ರಾಹಕವೇ ಇಲ್ಲದ, ಅಥವಾ ಆಂಟೆನಾದ ದಾರಿಯೇ ಇಲ್ಲದ ಫೋನಿಗೆ ಅದು ಹೆಚ್ಚೇನೂ ಮಾಡಲಾರದು.

ಅದೇ 2023ರ ಜನವರಿಯಲ್ಲಿ ಭಾರತೀಯ ಮಾನಕ ಬ್ಯೂರೊ ಮೂರು ಮಾನಕಗಳನ್ನು ಒಟ್ಟಿಗೆ ಪ್ರಕಟಿಸಿತ್ತು; ಅವುಗಳಲ್ಲಿ ಎರಡನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಒಂದು, ಫೋನುಗಳ ಸಿ-ಪಿನ್ ಪೋರ್ಟು ಮತ್ತು ಕೇಬಲ್. ಇನ್ನೊಂದು, ಉಪಗ್ರಹ ಟ್ಯೂನರ್ ಒಳಗೇ ಇರುವ ಟಿ.ವಿ.; ಬೇರೆ ಸೆಟ್‌ಟಾಪ್ ಪೆಟ್ಟಿಗೆ ಇಲ್ಲದೆ ಡಿಶ್ಶಿನ ತಂತಿ ಸಿಕ್ಕಿಸಿ ದೂರದರ್ಶನದ ಉಚಿತ ವಾಹಿನಿಗಳನ್ನು ನೋಡಲೆಂದು. ಟಿ.ವಿ.ಯ ಒಳಗೆ ಉಚಿತ ಪ್ರಸಾರದ ಗ್ರಾಹಕ ಇರಲಿ ಎಂದು ಮಾನಕ ಬರೆಯಬಲ್ಲವರಿಗೆ ಫೋನಿನ ವಿಷಯದಲ್ಲೂ ಬರೆಯುವುದು ಕಷ್ಟವಲ್ಲ. ಸಿ-ಪಿನ್‌ಗೆ ಹೇಗೂ ಮಾನಕವಿದೆ. ಆ ಪಿನ್ನಿಗೆ ಸಿಕ್ಕಿಸಿದ ವೈರು ಎಫ್‌ಎಂ ಆಂಟೆನಾ ಆಗಿಯೂ ದುಡಿಯಬೇಕು ಎಂಬ ಒಂದು ಸಾಲು, ಆ ಗ್ರಾಹಕವನ್ನು ಅನುಮತಿ ಪಡೆದ ಯಾವ ಆ್ಯಪ್ ಆದರೂ ಬಳಸಬಹುದು ಎಂಬ ಇನ್ನೊಂದು ಸಾಲು, ಎಫ್‌ಎಂ ಇದೆಯೋ ಇಲ್ಲವೋ ಎಂದು ಫೋನಿನ ಡಬ್ಬದ ಮೇಲೆ ಮುದ್ರಿಸಬೇಕು ಎಂಬ ಮೂರನೆಯದು. ಮೊದಲು ಆಗಬೇಕಾದದ್ದು ಮೂರನೆಯದು ಎಂದು ನನಗನ್ನಿಸುತ್ತದೆ, ಏಕೆಂದರೆ ಅದಕ್ಕೆ ಹೊಸ ಚಿಪ್ಪು ಬೇಡ, ಬೋರ್ಡಿನಲ್ಲಿ ಹೊಸ ಜೋಡಣೆ ಬೇಡ. ಡಬ್ಬದ ಮೇಲೆ ಒಂದು ಸಾಲಿನ ಜಾಗ ಸಾಕು.