ರಿಕ್ಟರ್: ಹೋಗಲು ಬಿಡದ ಕಾಲ, ಹೋಗಲು ಮನಸ್ಸಿಲ್ಲದ ಕಾಲ

ವಿಡಿಯೋ ನೋಡಲು ಪುರುಸೊತ್ತಿಲ್ಲದೆ ಲೋಕಲ್ ಟ್ರೈನಿನಲ್ಲೋ ಮೆಟ್ರೋದಲ್ಲೋ ಓದಿಕೊಂಡು ಹೋಗುವವರಿಗಾಗಿ, ಆಡಿದ ಮಾತನ್ನೇ ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೇನೆ.

ಇವತ್ತು ಮಾತಾಡೋದು ಸ್ವ್ಯಾತೊಸ್ಲಾವ್ ರಿಕ್ಟರ್ ಬಗ್ಗೆ. ಭೂಕಂಪ ಅಳೆಯುವ ಮಾಪಕದ ರಿಕ್ಟರ್ ಅಲ್ಲ, ಅವರು ಅಮೆರಿಕದ ವಿಜ್ಞಾನಿ. ಇವರು ಸೋವಿಯತ್ ಒಕ್ಕೂಟದ ಪಿಯಾನೋ ವಾದಕ. 20ನೇ ಶತಮಾನದ ದೊಡ್ಡ ಪಿಯಾನೋ ವಾದಕರ ಪಟ್ಟಿಯನ್ನು ಯಾರೇ ಮಾಡಲಿ, ಇವರ ಹೆಸರು ಬಿಟ್ಟು ಮಾಡೋಕಾಗಲ್ಲ.

ನಮ್ಮಲ್ಲಿ ಕಛೇರಿಯ ಕರಪತ್ರ ನೋಡಿದ್ದೀರಲ್ಲ, ಕಲಾವಿದರ ಪರಿಚಯದಲ್ಲಿ ‘ಅಮೆರಿಕ, ಯೂರೋಪ್ ಪ್ರವಾಸ ಮಾಡಿದವರು’ ಅನ್ನೋ ಸಾಲು ಇದ್ದೇ ಇರುತ್ತೆ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಅಷ್ಟೆ. ‘ಆನ್‌ಸೈಟ್’ ಹೋಗಿ ಬಂದವನ ಮಾತಿಗೆ ಮೀಟಿಂಗ್‌ನಲ್ಲಿ ತೂಕ ಜಾಸ್ತಿ. ರಿಕ್ಟರ್ ಬದುಕಿನಲ್ಲಿ ಈ ಲೆಕ್ಕ ತಲೆಕೆಳಗಾಗುತ್ತೆ. 45 ವರ್ಷ ಆಗುವವರೆಗೆ ಅವರನ್ನು ಪಶ್ಚಿಮದ ದೇಶಗಳಿಗೆ ಹೋಗಲು ಬಿಡಲಿಲ್ಲ. ಬಿಟ್ಟ ಮೇಲೆ, ಜಗತ್ತಿನ ದೊಡ್ಡ ದೊಡ್ಡ ಸಭಾಂಗಣಗಳು ಕರೆಯುತ್ತಿದ್ದಾಗ, ಅವರು ಫ್ರಾನ್ಸಿನ ಒಂದು ಹಳೇ ಕಣಜವನ್ನೂ ಸೈಬೀರಿಯಾದ ಸಣ್ಣ ಊರುಗಳನ್ನೂ ಹುಡುಕಿಕೊಂಡು ಹೋದರು. ಯಾಕೆ ಅನ್ನೋದೇ ಇವತ್ತಿನ ವಿಷಯ.

ಒಡೆಸ್ಸಾದ ಹುಡುಗ

ರಿಕ್ಟರ್ ಹುಟ್ಟಿದ್ದು 1915ರಲ್ಲಿ, ಇವತ್ತಿನ ಉಕ್ರೇನ್‌ನ ಜಿತೋಮಿರ್‌ನಲ್ಲಿ. ತಂದೆ ಜರ್ಮನ್ ಮೂಲದ ಸಂಗೀತಗಾರ. ಬೆಳೆದಿದ್ದು ಒಡೆಸ್ಸಾದಲ್ಲಿ. ಕ್ರಮಬದ್ಧವಾಗಿ ಶಾಲೆ ಸೇರಿ ಪಿಯಾನೋ ಕಲಿತವರಲ್ಲ, ಹೆಚ್ಚಿನದನ್ನು ತಾನೇ ಕಲಿತಿದ್ದು. ಹದಿಹರೆಯದಲ್ಲೇ ಒಡೆಸ್ಸಾದ ಒಪೆರಾ ಮನೆಯಲ್ಲಿ ಗಾಯಕರ ತಾಲೀಮಿಗೆ ಪಿಯಾನೋ ನುಡಿಸುವ ಕೆಲಸಕ್ಕೆ ಸೇರಿದರು. ಇಡೀ ವಾದ್ಯವೃಂದ ನುಡಿಸಬೇಕಾದ್ದನ್ನು ಹತ್ತು ಬೆರಳಿನಲ್ಲಿ ಕೇಳಿಸಬೇಕಾದ ಕೆಲಸ ಅದು. ಮುಂದೆ ಅವರ ನುಡಿಕೆಯಲ್ಲಿ ಕಾಣುವ ಆ ವಿಸ್ತಾರದ ಬೇರು ಇಲ್ಲಿದೆ ಅಂತ ನನಗನ್ನಿಸುತ್ತೆ.

1937ರಲ್ಲಿ, 22ನೇ ವಯಸ್ಸಿನಲ್ಲಿ, ಮಾಸ್ಕೋಗೆ ಹೋಗಿ ಹೆನ್ರಿಕ್ ನ್ಯೂಹೌಸ್ ಎಂಬ ಹೆಸರಾಂತ ಗುರುವಿನ ಮುಂದೆ ನುಡಿಸಿದರು. ಈ ಹುಡುಗನಿಗೆ ಕಲಿಸೋಕೆ ತನ್ನ ಹತ್ತಿರ ಹೆಚ್ಚೇನೂ ಇಲ್ಲ ಅಂತ ಗುರುವಿಗೇ ಅನ್ನಿಸಿತಂತೆ. ಆದರೂ ಶಿಷ್ಯನಾಗಿ ಸೇರಿಸಿಕೊಂಡರು. ಇರೋಕೆ ಜಾಗ ಇಲ್ಲದೆ ರಿಕ್ಟರ್ ಗುರುಗಳ ಮನೆಯಲ್ಲೇ, ಪಿಯಾನೋ ಕೆಳಗೆ ಮಲಗುತ್ತಿದ್ದರು. ರಾಜಕೀಯ ಸಿದ್ಧಾಂತದ ಕಡ್ಡಾಯ ತರಗತಿಗಳಿಗೆ ಹೋಗದೆ ಕನ್ಸರ್ವೇಟರಿಯಿಂದ ಎರಡು ಸಲ ಹೊರಗೂ ಬಿದ್ದರು. ದಂಗೆ ಏಳುವ ಸ್ವಭಾವ ಅವರದಲ್ಲ. ಬೇಡ ಅನ್ನಿಸಿದ್ದನ್ನು ಸುಮ್ಮನೆ ಮಾಡುತ್ತಿರಲಿಲ್ಲ, ಅಷ್ಟೆ.

ಅಪ್ಪ, ಅಮ್ಮ

1941ರಲ್ಲಿ ಹಿಟ್ಲರನ ಸೇನೆ ಸೋವಿಯತ್ ನೆಲಕ್ಕೆ ನುಗ್ಗಿತು. ಜರ್ಮನ್ ಹೆಸರು ಇದ್ದವರೆಲ್ಲ ಅನುಮಾನಕ್ಕೆ ಗುರಿಯಾದರು. ರಿಕ್ಟರ್ ತಂದೆಯನ್ನು ಗೂಢಚಾರ ಅಂತ ಬಂಧಿಸಿ, ಒಡೆಸ್ಸಾ ಶತ್ರುಗಳ ಕೈಗೆ ಬೀಳುವ ಕೆಲವೇ ದಿನ ಮುಂಚೆ ಗುಂಡಿಟ್ಟು ಕೊಂದರು. ಮಗ ಆಗ ಮಾಸ್ಕೋದಲ್ಲಿದ್ದರು. ಒಡೆಸ್ಸಾದಲ್ಲೇ ಉಳಿದಿದ್ದ ತಾಯಿ, ಮುಂದೆ ಜರ್ಮನರು ಹಿಂದೆ ಸರಿಯುವಾಗ ಇನ್ನೊಬ್ಬರ ಜೊತೆ ದೇಶ ಬಿಟ್ಟು ಜರ್ಮನಿ ಸೇರಿದರು. ತಾಯಿ ಮಗ ಒಬ್ಬರನ್ನೊಬ್ಬರು ಮತ್ತೆ ನೋಡಿದ್ದು ಸುಮಾರು ಎರಡು ದಶಕದ ನಂತರ.

ಅಧಿಕಾರಿಗಳ ಕಣ್ಣಿನಲ್ಲಿ ಈ ಮನುಷ್ಯನ ಕಡತ ಹೇಗೆ ಕಂಡಿರಬೇಕು ಯೋಚಿಸಿ. ಅಪ್ಪನನ್ನು ಸರ್ಕಾರವೇ ಕೊಂದಿದೆ. ಅಮ್ಮ ಪಶ್ಚಿಮ ಜರ್ಮನಿಯಲ್ಲಿದ್ದಾಳೆ. ಇವನನ್ನು ಹೊರಗೆ ಕಳಿಸಿದರೆ ವಾಪಸ್ ಬರುತ್ತಾನಾ?

ಅದೇ ಸರ್ಕಾರಕ್ಕೆ ಅವರ ಕಲೆ ಮಾತ್ರ ಬೇಕಿತ್ತು. 1943ರಲ್ಲಿ ಪ್ರೊಕೊಫಿಯೆವ್ ಅವರ 7ನೇ ಸೊನಾಟಾವನ್ನು ನಾಲ್ಕೇ ದಿನದಲ್ಲಿ ಕಲಿತು ಮೊದಲ ಸಲ ನುಡಿಸಿದವರು ರಿಕ್ಟರ್. ಮುಂದೆ ಸ್ಟಾಲಿನ್ ಪ್ರಶಸ್ತಿಯೂ ಬಂತು. 1953ರಲ್ಲಿ ಸ್ಟಾಲಿನ್ ಸತ್ತಾಗ ರಿಕ್ಟರ್ ಟಿಬಿಲಿಸಿಯಲ್ಲಿದ್ದರು. ಅಂತ್ಯಕ್ರಿಯೆಯಲ್ಲಿ ನುಡಿಸಲಿಕ್ಕೆ ಅಂತ ಹೂವಿನ ಹಾರಗಳು ತುಂಬಿದ್ದ ವಿಮಾನದಲ್ಲಿ ಕೂರಿಸಿ ಮಾಸ್ಕೋಗೆ ಕರೆತಂದರು. ತಂದೆಯನ್ನು ಕೊಂದ ವ್ಯವಸ್ಥೆಯ ಒಡೆಯನ ಶವದ ಮುಂದೆ ಮಗ ಪಿಯಾನೋ ನುಡಿಸಬೇಕು!

ಮನುಷ್ಯನಿಗಿಂತ ಮುಂಚೆ ಹೋದ ಹೆಸರು

1950ರಿಂದ ಚೆಕೊಸ್ಲೊವಾಕಿಯಾದಂಥ ಕಮ್ಯುನಿಸ್ಟ್ ದೇಶಗಳಿಗೆ ಅವರನ್ನು ಕಳಿಸತೊಡಗಿದರು. ಪಶ್ಚಿಮಕ್ಕೆ ಮಾತ್ರ ಇಲ್ಲ. 1955ರಲ್ಲಿ ಇನ್ನೊಬ್ಬ ಸೋವಿಯತ್ ದಿಗ್ಗಜ ಎಮಿಲ್ ಗಿಲೆಲ್ಸ್ ಅಮೆರಿಕಕ್ಕೆ ಹೋದರು. ಜನ ಹೊಗಳಿದಾಗ, ನೀವು ರಿಕ್ಟರ್ ನುಡಿಸೋದನ್ನ ಕೇಳೋವರೆಗೆ ತಡೆಯಿರಿ ಅಂದರಂತೆ. ಗಿಲೆಲ್ಸ್ ಕೂಡ ನ್ಯೂಹೌಸ್ ಶಿಷ್ಯರೇ. ಸ್ಪರ್ಧಿಯ ಬಾಯಿಂದ ಇಂಥ ಮಾತು ಬರೋದು ಅಪರೂಪ.

1957ರಲ್ಲಿ ಕೆನಡಾದ ಗ್ಲೆನ್ ಗೂಲ್ಡ್ ಮಾಸ್ಕೋಗೆ ಬಂದಾಗ ರಿಕ್ಟರ್ ನುಡಿಸಿದ ಶೂಬರ್ಟ್‌ನ ಕೊನೆಯ ಸೊನಾಟಾ ಕೇಳಿದರು. ಅದರ ಮೊದಲ ಭಾಗವನ್ನು ರಿಕ್ಟರ್ ನುಡಿಸುವ ಗತಿ ವಿಪರೀತ ನಿಧಾನ. ಆ ಒಂದು ಭಾಗಕ್ಕೇ 24–25 ನಿಮಿಷ ಹಿಡಿಯುತ್ತೆ. ಧಾರವಾಡದ ಕಡೆಯ ಗಾಯಕರ ವಿಲಂಬಿತ ಖಯಾಲ್ ಕೇಳಿ ಬೆಳೆದ ಕಿವಿಗೆ ಇದು ಅಷ್ಟು ವಿಚಿತ್ರ ಅನ್ನಿಸಲ್ಲ. ಆದರೆ ಪಾಶ್ಚಾತ್ಯರಿಗೆ ಇದು ದಿಗಿಲು ಹುಟ್ಟಿಸುವಂಥ ನಿಧಾನ. ಶೂಬರ್ಟ್‌ನ ಪುನರಾವರ್ತನೆಗಳೆಂದರೆ ಬೇಸರಪಡುತ್ತಿದ್ದ ಗೂಲ್ಡ್, ಸಮ್ಮೋಹನಕ್ಕೆ ಒಳಗಾದಂತೆ ಕೂತುಬಿಟ್ಟರಂತೆ.

1958ರ ಫೆಬ್ರವರಿಯಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ಒಂದು ಕಛೇರಿ. ಚಳಿಗಾಲ, ಸಭಿಕರೆಲ್ಲ ಕೆಮ್ಮುತ್ತಿದ್ದಾರೆ. ಅದರ ನಡುವೆ ಮುಸೋರ್ಗ್‌ಸ್ಕಿಯ ‘ಪಿಕ್ಚರ್ಸ್ ಅಟ್ ಆ್ಯನ್ ಎಕ್ಸಿಬಿಷನ್’. ಆ ಧ್ವನಿಮುದ್ರಣ ರೆಕಾರ್ಡ್ ಆಗಿ ಪಶ್ಚಿಮಕ್ಕೆ ತಲುಪಿತು. ಅಲ್ಲಲ್ಲಿ ತಪ್ಪು ಸ್ವರ ಇದೆ, ಕೆಮ್ಮು ಇದೆ, ಆದರೂ ಕೇಳಿದವರು ಮರೆಯಲಿಲ್ಲ. ಹೀಗೆ ಮನುಷ್ಯ ಹೋಗುವ ಮೊದಲೇ ಹೆಸರು ಹೋಗಿ ಕೂತಿತ್ತು.

1960

ಅದೇ 1958ರಲ್ಲಿ ಅಮೆರಿಕ ಮತ್ತು ಸೋವಿಯತ್ ನಡುವೆ ಸಾಂಸ್ಕೃತಿಕ ವಿನಿಮಯದ ಒಪ್ಪಂದ ಆಯಿತು. ಕಲಾವಿದರು ಈಗ ಶೀತಲ ಸಮರದ ರಾಯಭಾರಿಗಳು. ಕೊನೆಗೂ 1960ರ ಮೇ ತಿಂಗಳಲ್ಲಿ ರಿಕ್ಟರ್‌ರನ್ನು ಫಿನ್‌ಲೆಂಡಿಗೆ ಬಿಟ್ಟರು. ಅದು ಪರೀಕ್ಷೆ ಇದ್ದಂತೆ, ಅಕ್ಟೋಬರ್‌ನಲ್ಲಿ ಅಮೆರಿಕ. ಸಂದರ್ಭ ನೋಡಿ: ಮೇ 1ರಂದು ಅಮೆರಿಕದ ಯು–2 ಬೇಹುಗಾರಿಕೆ ವಿಮಾನವನ್ನು ಸೋವಿಯತ್ ಹೊಡೆದುರುಳಿಸಿತ್ತು. ಅಕ್ಟೋಬರ್‌ನಲ್ಲಿ ಕ್ರುಶ್ಚೇವ್ ನ್ಯೂಯಾರ್ಕ್‌ನ ವಿಶ್ವಸಂಸ್ಥೆಯಲ್ಲಿ ಗದ್ದಲ ಎಬ್ಬಿಸಿ ಹೋದ ಬೆನ್ನಲ್ಲೇ ರಿಕ್ಟರ್ ಪಿಯಾನೋ ಮುಂದೆ ಕೂತರು.

ಅಕ್ಟೋಬರ್ 15ರಂದು ಶಿಕಾಗೋದಲ್ಲಿ ಬ್ರಾಮ್ಸ್‌ನ 2ನೇ ಕಾನ್‌ಚೆರ್ಟೊ. 19ರಿಂದ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಸಾಲು ಸಾಲು ಕಛೇರಿ, ಮೊದಲ ದಿನ ಪೂರ್ತಿ ಬೀಥೋವನ್. ಪತ್ರಿಕೆಗಳು ಕೊಂಡಾಡಿದವು. ಬ್ರಾಮ್ಸ್ ಧ್ವನಿಮುದ್ರಣಕ್ಕೆ ಗ್ರ್ಯಾಮಿ ಬಂತು. ರಿಕ್ಟರ್ ಅದನ್ನು ತನ್ನ ಕೆಟ್ಟ ರೆಕಾರ್ಡ್‌ಗಳಲ್ಲಿ ಒಂದು ಅಂದರು! ಆ ಪ್ರವಾಸದ ದಿನಗಳಲ್ಲಿ ಅವರು ವಿಪರೀತ ಹೆದರಿದ್ದರು. ಹಿಂದೆ ಸರ್ಕಾರದ ಕಾವಲು, ಮುಂದೆ ಆಕಾಶದೆತ್ತರದ ನಿರೀಕ್ಷೆ. ತಾಯಿಯ ಮುಖವನ್ನು ಅವರು ಮತ್ತೆ ನೋಡಿದ್ದೂ ಅದೇ ವರ್ಷ. ಮೂರು ವರ್ಷದಲ್ಲಿ ಆಕೆ ತೀರಿಕೊಂಡರು.

ಅಮೆರಿಕ ಅವರಿಗೆ ಹಿಡಿಸಲಿಲ್ಲ. ಅಲ್ಲಿನ ಮ್ಯೂಸಿಯಂ, ಆರ್ಕೆಸ್ಟ್ರಾ, ಕಾಕ್‌ಟೇಲ್ ಬಿಟ್ಟರೆ ಬೇರೇನೂ ಇಷ್ಟವಾಗಲಿಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ. ಅವರನ್ನು ನಿಜವಾಗಿ ಹಿಂಸಿಸಿದ್ದು ಪ್ರವಾಸದ ವ್ಯವಸ್ಥೆ ಅಂತ ನನ್ನ ಓದು. ಎರಡು ವರ್ಷ ಮುಂಚೆ ದಿನಾಂಕ ಗೊತ್ತು ಮಾಡಬೇಕು, ಆ ದಿನ ಏನು ನುಡಿಸುತ್ತೀರಿ ಅಂತ ಈಗಲೇ ಬರೆದುಕೊಡಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಡೆಲಿವರಿ ಡೇಟ್ ಮೊದಲು, ಕೆಲಸ ಆಮೇಲೆ. 1970ರಲ್ಲಿ ಡೇವಿಡ್ ಒಯ್‌ಸ್ಟ್ರಾಖ್ ಜೊತೆ ನ್ಯೂಯಾರ್ಕ್‌ನಲ್ಲಿ ನುಡಿಸುವಾಗ ಸೋವಿಯತ್ ವಿರೋಧಿ ಪ್ರತಿಭಟನಕಾರರು ಕಛೇರಿಗೆ ಅಡ್ಡಿ ಮಾಡಿದರು. ಆ ಪ್ರವಾಸದ ನಂತರ ರಿಕ್ಟರ್ ಅಮೆರಿಕಕ್ಕೆ ಕಾಲಿಡಲೇ ಇಲ್ಲ.

ತನ್ನದೇ ದಾರಿ

ಹಾಗಂತ ಪ್ರವಾಸ ಬಿಟ್ಟರಾ? ಇಲ್ಲ, ಸಾಯುವ ಎರಡು ವರ್ಷ ಮುಂಚಿನವರೆಗೂ ಊರೂರು ಸುತ್ತಿದರು. ಬದಲಾಗಿದ್ದು ರೀತಿ. 1964ರಲ್ಲಿ ಫ್ರಾನ್ಸಿನ ತೂರ್ ನಗರದ ಹತ್ತಿರ, 13ನೇ ಶತಮಾನದ ಮೆಸ್ಲೆ ಎಂಬ ಕಣಜದ ಕಟ್ಟಡದಲ್ಲಿ ಸಂಗೀತೋತ್ಸವ ಶುರು ಮಾಡಿದರು. ಕಾಳುಕಡ್ಡಿ ತುಂಬಿಡುತ್ತಿದ್ದ ಜಾಗ, ಮೇಲೆ ಮರದ ದೊಡ್ಡ ತೊಲೆಗಳು. ಮಾಸ್ಕೋದ ಪುಷ್ಕಿನ್ ಮ್ಯೂಸಿಯಂನಲ್ಲಿ 1981ರಿಂದ ‘ಡಿಸೆಂಬರ್ ಸಂಜೆಗಳು’ ನಡೆಸಿದರು, ಚಿತ್ರಗಳ ನಡುವೆ ಸಂಗೀತ.

1986ರಲ್ಲಿ, 71ನೇ ವಯಸ್ಸಿನಲ್ಲಿ, ಅವರು ಸೈಬೀರಿಯಾ ಪ್ರವಾಸಕ್ಕೆ ಹೊರಟರು. ವಿಮಾನ ಅವರಿಗೆ ಆಗಿಬರುತ್ತಿರಲಿಲ್ಲ, ಹೊರಟಿದ್ದು ಕಾರಿನಲ್ಲಿ. ದೇಶದ ಆ ತುದಿಯ ವ್ಲಾಡಿವೊಸ್ಟಾಕ್‌ವರೆಗೆ, ತಿಂಗಳುಗಟ್ಟಲೆ, ಯಮಾಹಾ ಪಿಯಾನೋವನ್ನೂ ಜೊತೆಗೆ ಸಾಗಿಸಿಕೊಂಡು. ಸಂಗೀತ ಸಭಾಂಗಣವೇ ಇಲ್ಲದ ಊರುಗಳಲ್ಲೂ ನುಡಿಸಿದರು. ಕಾರ್ನೆಗಿ ಹಾಲ್ ಟಿಕೆಟ್‌ಗೆ ಜನ ಮುಗಿಬಿದ್ದ ವಾದಕ ತಮ್ಮೂರಿಗೇ ಬಂದು ಶೂಬರ್ಟ್ ನುಡಿಸಿದಾಗ ಆ ಊರಿನವರಿಗೆ ಏನನ್ನಿಸಿರಬೇಡ!

ಕೊನೆಯ ವರ್ಷಗಳಲ್ಲಿ ಇನ್ನೊಂದು ಬದಲಾವಣೆ. ಸಭಾಂಗಣವಿಡೀ ಕತ್ತಲು, ಸ್ವರಲಿಪಿಯ ಪುಸ್ತಕದ ಮೇಲೆ ಮಾತ್ರ ಒಂದು ಚಿಕ್ಕ ದೀಪ. ಅವರ ಕಿವಿ ಆಗ ಮೋಸ ಮಾಡತೊಡಗಿತ್ತು. ನುಡಿಸಿದ ಸ್ವರ ಅದಕ್ಕಿಂತ ಮೇಲಿನ ಸ್ವರವಾಗಿ ಕೇಳಿಸುತ್ತಿತ್ತು. ಹುಟ್ಟಿನಿಂದ ಸ್ವರಸ್ಥಾನ ಕರಾರುವಾಕ್ಕಾಗಿ ಗೊತ್ತಾಗುತ್ತಿದ್ದವರಿಗೆ ಇದು ಎಂಥ ಸಂಕಟ ಊಹಿಸಿ. ಹಾಗಾಗಿ ಬಾಯಿಪಾಠ ಬಿಟ್ಟು ಪುಸ್ತಕ ಇಟ್ಟುಕೊಂಡರು. ಕತ್ತಲೆಗೆ ಅವರು ಕೊಟ್ಟ ಕಾರಣ ಬೇರೆ: ಜನ ವಾದಕನ ಮುಖ, ಬೆರಳು ನೋಡುತ್ತಾ ಕೂರಬಾರದು, ಸಂಗೀತ ಕೇಳಬೇಕು. ಕೊನೆಯ ಕಛೇರಿ 1995ರ ಮಾರ್ಚ್‌ನಲ್ಲಿ, ಜರ್ಮನಿಯ ಲ್ಯೂಬೆಕ್‌ನಲ್ಲಿ. 1997ರ ಆಗಸ್ಟ್ 1ರಂದು ಮಾಸ್ಕೋದಲ್ಲಿ ನಿಧನ.

ಈ ಕಥೆಯನ್ನು ‘ಬಡಪಾಯಿ ಕಲಾವಿದ, ಕ್ರೂರ ಸರ್ಕಾರ, ಕೊನೆಗೆ ಬಿಡುಗಡೆ’ ಅಂತ ಹೇಳಿ ಮುಗಿಸುವುದು ಸುಲಭ. ಅದರಲ್ಲಿ ಅರ್ಧ ಸತ್ಯ ಇದೆ. ಸರ್ಕಾರ ಅವರ ತಂದೆಯನ್ನು ಕೊಂದಿತು, ತಾಯಿಯಿಂದ ದೂರ ಇಟ್ಟಿತು. ಆ ಲೆಕ್ಕ ಯಾವ ಪ್ರಶಸ್ತಿಯಿಂದಲೂ ಚುಕ್ತಾ ಆಗಲ್ಲ. ಆದರೆ ಬೇಲಿ ತೆಗೆದ ಕೂಡಲೇ ರಿಕ್ಟರ್ ನ್ಯೂಯಾರ್ಕ್‌ನಲ್ಲಿ ನೆಲೆಸಲಿಲ್ಲ. ಅವರಿಗೆ ಬೇಕಿದ್ದದ್ದು ಎಲ್ಲಿ ನುಡಿಸಬೇಕು, ಏನು ನುಡಿಸಬೇಕು, ಯಾವಾಗ ನುಡಿಸಬೇಕು ಅನ್ನೋದು ತನ್ನ ಕೈಯಲ್ಲಿರಬೇಕು ಅನ್ನೋದು. ಸೋವಿಯತ್ ಅಧಿಕಾರಿ ‘ಹೋಗಬೇಡ’ ಅಂದಾಗಲೂ ಅದು ಅವರ ಕೈಯಲ್ಲಿರಲಿಲ್ಲ, ಪಶ್ಚಿಮದ ಮ್ಯಾನೇಜರ್ ‘ಬಾ’ ಅಂದಾಗಲೂ ಇರಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ ನಾನು. ಎರಡನೆಯದನ್ನು ಬೇಡ ಅನ್ನಬಹುದು, ಮೊದಲನೆಯದನ್ನು ಅನ್ನುವಂತಿರಲಿಲ್ಲ. ರಿಕ್ಟರ್ ಬೇಡ ಅಂದರು ಕೂಡ. ಆದ್ದರಿಂದ ಕಲಾವಿದರ ಪರಿಚಯಪತ್ರದಲ್ಲಿ ದೇಶಗಳ ಹೆಸರು ಎಣಿಸುವಾಗ, ಅವರು ತಾವಾಗಿ ಆರಿಸಿಕೊಂಡು ಹೋದ ಊರು ಯಾವುದು ಅಂತಲೂ ಒಂದು ಸಲ ಕೇಳಿ.

ಹೊಸದಾಗಿ ಕೇಳುವವರು ಸೋಫಿಯಾದ 1958ರ ಧ್ವನಿಮುದ್ರಣದಿಂದ ಶುರು ಮಾಡಿ. ಆಮೇಲೆ ಶೂಬರ್ಟ್‌ನ ಕೊನೆಯ ಸೊನಾಟಾ, ಬಿ ಫ್ಲ್ಯಾಟ್ ಮೇಜರ್. ಇಯರ್‌ಫೋನ್ ಹಾಕಿ, ದೀಪ ಆರಿಸಿ, ಫೋನ್ ಮಗುಚಿ ಇಟ್ಟು ಕೇಳಿ. ಮೊದಲ ಐದು ನಿಮಿಷ ‘ಇದೇನು ಇಷ್ಟು ನಿಧಾನ’ ಅನ್ನಿಸುತ್ತೆ. ಅಲ್ಲಿ ನಿಲ್ಲಿಸಬೇಡಿ.