ಕೂಡಿಟ್ಟ ಶಕ್ತಿಯ ಲೆಕ್ಕ

ಹಾಯಿದೋಣಿಯಲ್ಲಿ ದೂರ ಸಾಗುವ ನಾವಿಕನಿಗೆ ಒಂದು ಲೆಕ್ಕ ಚೆನ್ನಾಗಿ ಗೊತ್ತಿರಬೇಕು. ಜನರೇಟರು ವಿದ್ಯುತ್ತನ್ನು ಹುಟ್ಟಿಸುತ್ತದೆ; ಬ್ಯಾಟರಿಗಳ ಸಾಲು ಅದನ್ನು ಕಾದಿಡುತ್ತದೆ. ಹುಟ್ಟಿಸುವುದಕ್ಕಿಂತ ಕಾದಿಡುವುದೇ ಕಷ್ಟ. ದೋಣಿಯ ಕಿರಿದಾದ ಒಡಲಿನಲ್ಲಿ ಬ್ಯಾಟರಿಗೆ ಜಾಗ ಕೊಟ್ಟಷ್ಟೂ ಬೇರೊಂದಕ್ಕೆ ಜಾಗ ತಪ್ಪುತ್ತದೆ. ನಮ್ಮ ಶಿವಮೊಗ್ಗ ಸೀಮೆಯ ನೂರು ವರ್ಷಗಳ ಕಥೆಯೂ ಇದೇ ಲೆಕ್ಕದ ಕಥೆಯೆಂದು ನನಗೆ ತೋರುತ್ತದೆ.

ಬೆಂಕಿಪುರವೆಂಬುದು ಭದ್ರಾವತಿಯ ಹಳೆಯ ಹೆಸರು. ಮೈಸೂರು ಸಂಸ್ಥಾನವು ಅಲ್ಲಿ ಕಟ್ಟಿದ ಕಬ್ಬಿಣದ ಕಾರ್ಖಾನೆಯ ಊದುಕುಲುಮೆ 1923ರ ಜನವರಿಯಲ್ಲಿ ಹೊತ್ತಿಕೊಂಡಿತು. ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಹತ್ತಿರದಲ್ಲೆಲ್ಲೂ ಕಲ್ಲಿದ್ದಲಿರಲಿಲ್ಲ. ಆದುದರಿಂದ ಮಲೆನಾಡಿನ ಮರವನ್ನೇ ಇದ್ದಲು ಮಾಡಿ ಕುಲುಮೆಗೆ ಉಣಿಸಬೇಕಾಯಿತು. ಅಂದಿನ ಬ್ಯಾಟರಿಯೆಂದರೆ ಕಾಡೇ. ಮರಗಳು ಹತ್ತಾರು ವರ್ಷ ಹೀರಿಟ್ಟ ಬಿಸಿಲು ಅಲ್ಲಿ ದಿನವೊಂದರಲ್ಲಿ ಕರಗುತ್ತಿತ್ತು.

1948ರ ಫೆಬ್ರವರಿಯಲ್ಲಿ ಜೋಗದ ವಿದ್ಯುದಾಗಾರ ಆರಂಭವಾಯಿತು. ಮುಂದೆ ಅದರ ಎಂಟು ಯಂತ್ರಗಳು ಸೇರಿ 120 ಮೆಗಾವ್ಯಾಟ್ ಶಕ್ತಿಯನ್ನು ಕೊಡುವಂತಾದವು. ಭದ್ರಾವತಿಗೂ ವಿದ್ಯುತ್ ಕುಲುಮೆಗಳು ಬಂದವು. ಕಾವನ್ನು ವಿದ್ಯುತ್ತು ಕೊಟ್ಟಿತಾದರೂ ಅದಿರಿನಿಂದ ಕಬ್ಬಿಣವನ್ನು ಬಿಡಿಸಲು ಇಂಗಾಲ ಬೇಕೇ ಬೇಕು. ಕಾಡಿನ ಮೇಲಿನ ಹೊರೆ ತಗ್ಗಿತೇ ಹೊರತು ಪೂರ್ತಿ ಇಳಿಯಲಿಲ್ಲ.

ಮಳೆಗಾಲದಲ್ಲಿ ಭೋರ್ಗರೆಯುವ ಶರಾವತಿ ಬೇಸಗೆಯಲ್ಲಿ ಎಳೆಯಾಗುತ್ತಾಳೆ. ಅಷ್ಟು ದೊಡ್ಡ ಪ್ರಮಾಣದ ವಿದ್ಯುತ್ತನ್ನು ಕೂಡಿಡುವ ಬಗೆ ಆಗ ಇರಲಿಲ್ಲ, ನೀರನ್ನು ಕೂಡಿಡಬಹುದಿತ್ತು. ಅದಕ್ಕೆಂದೇ ಮೊದಲು ಹಿರೇಭಾಸ್ಕರ ಅಣೆಕಟ್ಟೆ, ಬಳಿಕ 1964ರಲ್ಲಿ ಸುಮಾರು 150 ಟಿ.ಎಂ.ಸಿ. ಅಡಿ ನೀರು ಹಿಡಿಯುವ ಲಿಂಗನಮಕ್ಕಿ ಅಣೆಕಟ್ಟು ಎದ್ದವು. ಹೊಸ ಜಲಾಶಯ ಹಳೆಯ ಕಟ್ಟೆಯನ್ನೇ ನುಂಗಿತು. ಊರುಗಳು, ಅಡಿಕೆ ತೋಟಗಳು, ಗದ್ದೆಗಳು ಮುಳುಗಿದವು. ತುಮರಿಯ ಕಡೆಯವರು ನಡುಗಡ್ಡೆಯಂಥ ನೆಲದಲ್ಲಿ ಉಳಿದು, 2025ರಲ್ಲಿ ಸಿಗಂದೂರು ಸೇತುವೆ ತೆರೆಯುವವರೆಗೆ ಲಾಂಚಿಗಾಗಿ ದಡದಲ್ಲಿ ಕಾದರು. ನೆಲೆ ತಪ್ಪಿದವರು ಕೊಟ್ಟ ಜಾಗದ ಹಕ್ಕುಪತ್ರಕ್ಕಾಗಿ ಎತ್ತಿದ ಕೂಗು ಶಿವಮೊಗ್ಗ ನಗರದ ಬೀದಿಗಳಲ್ಲಿ ಈ ಶತಮಾನದಲ್ಲೂ ಕೇಳಿಬಂದಿದೆ.

ಈಗ ಅದೇ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಇನ್ನೊಂದು ಯೋಜನೆಯ ಮಾತು ನಡೆದಿದೆ. ಮಿಗುವ ವಿದ್ಯುತ್ತಿನಿಂದ ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಏರಿಸಿ, ಬೇಕಾದಾಗ ಇಳಿಸಿ ಮತ್ತೆ ವಿದ್ಯುತ್ತು ಪಡೆಯುವ ಬಗೆಯದು. ಬೆಟ್ಟದಷ್ಟು ದೊಡ್ಡ ಬ್ಯಾಟರಿಯೇ ಸರಿ. ಅದರ ದಾರಿಯಲ್ಲಿರುವುದು ಸಿಂಗಳೀಕಗಳ ಕಾಡು.

ಬೆಳಕು ಬೇಡವೆನ್ನುವ ಎದೆಗಾರಿಕೆ ನನಗಿಲ್ಲ. ಅದರ ಸುಖವುಂಡವರಲ್ಲಿ ನಾನೂ ಒಬ್ಬ. ಆದರೆ ಕೂಡಿಟ್ಟ ಶಕ್ತಿಯನ್ನು ಅಳೆಯುವಾಗ, ಅದಕ್ಕೆ ಜಾಗ ಬಿಟ್ಟುಕೊಟ್ಟವರ ಬಾಕಿಯನ್ನೂ ಅದೇ ಪುಟದಲ್ಲಿ ಬರೆಯುವುದು ನ್ಯಾಯ. ಅರವತ್ತು ವರ್ಷಗಳ ಹಿಂದಿನ ಆ ಬಾಕಿ ಇನ್ನೂ ತೀರಿಲ್ಲ.