ಬಿಟ್ಟ ಸ್ಥಳ ತುಂಬಿರಿ

ಮೂವತ್ತು ವರ್ಷಗಳಿಂದ ನಾನು ಹೈಸ್ಕೂಲು ಮಕ್ಕಳಿಗೆ ಇತಿಹಾಸ ಹೇಳಿಕೊಡುತ್ತಿದ್ದೇನೆ. ಈ ಅವಧಿಯಲ್ಲಿ ಎಷ್ಟು ಪ್ರಶ್ನೆಪತ್ರಿಕೆ ತೆಗೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಪ್ರಶ್ನೆಗಳಲ್ಲೆಲ್ಲ ನನಗೆ ಹೆಚ್ಚು ಪ್ರೀತಿ ‘ಬಿಟ್ಟ ಸ್ಥಳ ತುಂಬಿರಿ’ ಎಂಬ ಒಂದಂಕದ ಪ್ರಶ್ನೆಗಳ ಮೇಲೆ. ಇಂಥದನ್ನು ಕಂಡುಹಿಡಿದವರು ಡ್ಯಾಶ್. ಒಂದು ಹೆಸರು ಬರೆದರೆ ಒಂದಂಕ, ಬರೆಯದಿದ್ದರೆ ಸೊನ್ನೆ. ಮಕ್ಕಳಿಗೂ ಸುಲಭ, ತಿದ್ದುವವರಿಗೂ ಸುಲಭ. ರಾತ್ರಿ ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕುವುದರೊಳಗೆ ಹತ್ತು ಪತ್ರಿಕೆ ತಿದ್ದಿದ ದಿನಗಳೂ ಉಂಟು. ಈ ಪ್ರೀತಿಗೆ ಕುತ್ತು ಬಂದದ್ದು ಗೋವೆಯಲ್ಲಿ, ಐವತ್ತು ದಾಟಿದ ಮೇಲೆ, ಸಮುದ್ರದ ನಡುವೆ.

2023ರ ಡಿಸೆಂಬರಿನಲ್ಲಿ ನಾವು ನಾಲ್ವರು ಶಿಕ್ಷಕಿಯರು ಗೋವೆಗೆ ಹೋಗಿದ್ದೆವು. ಗಣಿತದವರು ಮರುವರ್ಷ ನಿವೃತ್ತರಾಗುವವರಿದ್ದರು. ಅದಕ್ಕೆ ಮೊದಲು ಒಮ್ಮೆ ಗಂಡ, ಮಕ್ಕಳು, ಮೊಮ್ಮಕ್ಕಳು ಯಾರೂ ಇಲ್ಲದೆ ಎಲ್ಲಿಗಾದರೂ ಹೋಗಿಬರೋಣ ಎಂಬುದು ಅವರದೇ ಸೂಚನೆ. ಹಿಂದಿಯವರು, ಪಿ.ಟಿ. ಟೀಚರು, ನಾನು ಒಪ್ಪಿಕೊಂಡೆವು. ಹೊನ್ನಾವರದಿಂದ ರೈಲು ಹತ್ತಿದರೆ ಗೋವೆ ದೂರವೇನಲ್ಲ.

ಎರಡನೆಯ ದಿನ ಮಧ್ಯಾಹ್ನ ತೀರದಲ್ಲಿ ಕುಳಿತು ಕಡಲೆ ತಿನ್ನುತ್ತಿದ್ದಾಗ ನೀರಿನ ಮೇಲೆ ಬಣ್ಣಬಣ್ಣದ ಚಿಟ್ಟೆರೆಕ್ಕೆಗಳು ಓಡಾಡುವುದು ಕಂಡಿತು. ಉದ್ದನೆಯ ಹಲಗೆ, ಅದರ ಮೇಲೊಂದು ಹಾಯಿ, ಹಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ವಾಲಿ ನಿಂತ ಒಬ್ಬ ಹುಡುಗ. ವಿಂಡ್‌ಸರ್ಫಿಂಗ್ ಎಂದರು ಪಿ.ಟಿ. ಟೀಚರು. ಅಷ್ಟು ಹೇಳಿ ಸುಮ್ಮನಾಗಿದ್ದರೆ ಈ ಪ್ರಬಂಧ ಹುಟ್ಟುತ್ತಿರಲಿಲ್ಲ. ಅವರು ಎದ್ದು ಹೋಗಿ, ಕಲಿಸುವ ಯುವಕನ ಹತ್ತಿರ ನಾಲ್ಕು ಜನರಿಗೂ ಹಣ ಕಟ್ಟಿಯೇ ಬಂದರು!

ಚೂಡಿದಾರದ ಮೇಲೆ ತೇಲುವ ಜಾಕೆಟ್ ತೊಟ್ಟು ಸೊಂಟದ ಮಟ್ಟದ ನೀರಿನಲ್ಲಿ ನಿಂತ ನಮ್ಮನ್ನು ನೋಡಲು ಸಣ್ಣದೊಂದು ಜಾತ್ರೆಯೇ ಸೇರಿತು. ಹಿಂದಿಯವರು ಹಲಗೆ ಹತ್ತುವ ಮೊದಲೇ ಬಿದ್ದರು. ಗಣಿತದವರು ಹತ್ತಿದ ಮೇಲೆ ಬಿದ್ದರು. ಪಿ.ಟಿ. ಟೀಚರು ಹನ್ನೊಂದು ಸಲ ಬಿದ್ದು, ಹನ್ನೆರಡನೆಯ ಸಲ ಸೆಟೆದು ನಿಂತು ಇಪ್ಪತ್ತು ಗಜ ಸಾಗಿದರು. ನಾವು ಮೂವರೂ ನೀರಿನಲ್ಲೇ ಚಪ್ಪಾಳೆ ತಟ್ಟಿದೆವು. ನನ್ನ ಸರದಿ ಬಂದಾಗ ಮೊಣಕಾಲು ನಡುಗುತ್ತಿತ್ತು. ಹಗ್ಗ ಎಳೆದು ಹಾಯಿಯನ್ನು ನೀರಿನಿಂದ ಎತ್ತಿದೆ. ಗಾಳಿ ತುಂಬಿದ ಕೂಡಲೇ ಹಲಗೆ ಕಾಲಕೆಳಗೆ ಜೀವ ಬಂದಂತೆ ಜಾರಿತು. ಹತ್ತು ಮಾರು ಹೋಗಿರಬಹುದು. ತಿರುಗಿಸುವುದು ಹೇಗೆಂದು ಕೂಗಿ ಕೇಳಿದೆ.

“ಚುಕ್ಕಾಣಿ ಇಲ್ಲ ಮೇಡಂ. ಹಾಯಿಯನ್ನು ಮುಂದಕ್ಕೆ ಬಾಗಿಸಿ, ಮೂತಿ ಗಾಳಿಯಿಂದ ಆಚೆ ತಿರುಗುತ್ತದೆ. ಹಿಂದಕ್ಕೆ ಬಾಗಿಸಿ, ಗಾಳಿಯ ಕಡೆಗೆ ಬರುತ್ತದೆ,” ಎಂದ ಆ ಯುವಕ ಹಿಂದಿಯಲ್ಲಿ.

ಈ ಮಾತನ್ನು ನಾನು ಹಿಂದೆ ಎಲ್ಲೋ ಕೇಳಿದ್ದೆ. ಎಲ್ಲಿ ಎಂದು ಯೋಚಿಸುವಷ್ಟರಲ್ಲಿ ನೀರಿಗೆ ಬಿದ್ದೆ. ಉಪ್ಪುನೀರು ಕುಡಿದು ಮೇಲೆದ್ದಾಗ ನೆನಪಾಯಿತು. ಅದನ್ನು ಕಡೆಯಲ್ಲಿ ಹೇಳುತ್ತೇನೆ. ಊರಿಗೆ ಮರಳಿದವಳು ಹಲವು ದಿನ ಈ ಹಲಗೆಯ ಇತಿಹಾಸದ ಹಿಂದೆ ಬಿದ್ದೆ. ವಿಂಡ್‌ಸರ್ಫಿಂಗನ್ನು ಕಂಡುಹಿಡಿದವರು ಡ್ಯಾಶ್. ಇದಕ್ಕೊಂದು ಹೆಸರು ಸಿಕ್ಕರೆ ಸಾಕಿತ್ತು.

ಸುಲಭಕ್ಕೆ ಸಿಕ್ಕಿದ್ದು ಒಂದಲ್ಲ, ಎರಡು ಹೆಸರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಾಯ್ಲ್ ಶ್ವೈಟ್ಸರ್ ಮತ್ತು ಜಿಮ್ ಡ್ರೇಕ್ ಎಂಬ ಇಬ್ಬರು ಗೆಳೆಯರಿದ್ದರು. ಶ್ವೈಟ್ಸರನಿಗೆ ಅಲೆಯ ಮೇಲೆ ಹಲಗೆ ಸವಾರಿ ಮಾಡುವ ಹುಚ್ಚು. ವಿಮಾನ ತಂತ್ರಜ್ಞಾನದ ಎಂಜಿನಿಯರನಾದ ಡ್ರೇಕನಿಗೆ ಹಾಯಿದೋಣಿಯ ಹುಚ್ಚು. ಅಲೆ ಇಲ್ಲದ ದಿನ ಒಬ್ಬನಿಗೆ ಬೇಸರ, ದೋಣಿಯನ್ನು ಸಜ್ಜುಗೊಳಿಸುವ ತಾಪತ್ರಯ ಇನ್ನೊಬ್ಬನಿಗೆ ಬೇಸರ. ಎರಡು ಹುಚ್ಚನ್ನೂ ಗಂಟುಹಾಕಿದರೆ ಹೇಗೆ ಎಂಬ ಮಾತಿನಿಂದ ಹುಟ್ಟಿದ ಹಲಗೆಯನ್ನು 1967ರಲ್ಲಿ ಡ್ರೇಕ್ ನೀರಿಗಿಳಿಸಿದ. ಇಬ್ಬರೂ 1968ರ ಮಾರ್ಚಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1970ರ ಜನವರಿಯಲ್ಲಿ ಅದು ದೊರೆಯಿತು.

ಇದರ ಗುಟ್ಟು ಏನೆಂದು ಎರಡು ಮಾತಿನಲ್ಲಿ ಹೇಳಬೇಕು. ನಮ್ಮ ಹಾಯಿದೋಣಿಗಳಲ್ಲಿ ಹಾಯಿಕಂಬ ನೆಟ್ಟಗೆ ನಿಂತಿರುತ್ತದೆ, ದೋಣಿಯನ್ನು ತಿರುಗಿಸಲು ಹಿಂದೆ ಚುಕ್ಕಾಣಿ ಇರುತ್ತದೆ. ಈ ಹಲಗೆಯಲ್ಲಿ ಕಂಬದ ಬುಡಕ್ಕೆ ಎಲ್ಲ ದಿಕ್ಕಿಗೂ ಬಾಗುವ ಒಂದು ಕೀಲು. ಕೈಬಿಟ್ಟರೆ ಹಾಯಿ ತಾನಾಗಿ ನೀರಿಗೆ ಒರಗುತ್ತದೆ. ಅದನ್ನು ಎತ್ತಿ ಹಿಡಿದಿರುವುದು ಮನುಷ್ಯನ ಮೈಭಾರವೇ. ಹಾಯಿಯ ಎರಡೂ ಬದಿಗೆ ಬಿಲ್ಲಿನಂತೆ ಬಾಗಿದ ಒಂದೊಂದು ಹಿಡಿಕೆಗೋಲು. ಹಾಯಿಯನ್ನು ಮುಂದೆ ಬಾಗಿಸಿದರೆ ಗಾಳಿಯ ಒತ್ತಡ ಹಲಗೆಯ ಮುಂಭಾಗಕ್ಕೆ ಸರಿದು ಮೂತಿಯನ್ನು ಗಾಳಿಯಿಂದ ದೂರಕ್ಕೆ ತಳ್ಳುತ್ತದೆ. ಹಿಂದೆ ಬಾಗಿಸಿದರೆ ಹಿಂಭಾಗವನ್ನು ತಳ್ಳುವುದರಿಂದ ಮೂತಿ ಗಾಳಿಯ ಕಡೆಗೆ ಹೊರಳುತ್ತದೆ. ಸವಾರನೇ ಇಲ್ಲಿ ಹಗ್ಗ, ಸವಾರನೇ ಚುಕ್ಕಾಣಿ.

1973ರಲ್ಲಿ ಡ್ರೇಕ್ ತನ್ನ ಪಾಲಿನ ಹಕ್ಕನ್ನು 36,000 ಡಾಲರಿಗೆ ಗೆಳೆಯನಿಗೇ ಬಿಟ್ಟುಕೊಟ್ಟ. ಆಮೇಲೆ ಯುರೋಪಿನಲ್ಲಿ ಈ ಹಲಗೆಗಳು ಹುಚ್ಚುಹೊಳೆಯಂತೆ ಮಾರಾಟವಾದವು. 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೂ ಈ ಆಟ ಸೇರಿತು. ಮೊದಲ ಚಿನ್ನ ಹಾಲೆಂಡಿನ ಸ್ಟೀಫನ್ ವಾನ್ ಡೆನ್ ಬರ್ಗ್ ಎಂಬವನದು. ಹೆಂಗಸರಿಗೆ ಪ್ರತ್ಯೇಕ ಸ್ಪರ್ಧೆ ಬರಲು ಮತ್ತೆ ಎಂಟು ವರ್ಷ ಕಾಯಬೇಕಾಯಿತು. 1992ರಲ್ಲಿ ಬಾರ್ಸಿಲೋನಾದಲ್ಲಿ ನ್ಯೂಜಿಲೆಂಡಿನ ಬಾರ್ಬರಾ ಕೆಂಡಲ್ ಚಿನ್ನ ಗೆದ್ದಳು. ನಾವು ಗೋವೆಗೆ ಹೋದ ವರ್ಷವೇ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ದೇಶದ ಈಬಾದ್ ಅಲಿ ಈ ಆಟದಲ್ಲಿ ಕಂಚು ತಂದಿದ್ದರು. ಸಾಮಾನ್ಯಜ್ಞಾನ ಕೇಳುವ ನನಗೇ ಅದು ಗೊತ್ತಿರಲಿಲ್ಲ.

ಎರಡು ಹೆಸರು ಸಿಕ್ಕಿತಲ್ಲ, ಬಿಟ್ಟ ಸ್ಥಳದಲ್ಲಿ ಎರಡನ್ನೂ ತುಂಬಬಹುದು ಎಂದುಕೊಂಡೆ. ಅಷ್ಟರಲ್ಲಿ ಮೂರನೆಯದು ಎದುರಾಯಿತು.

ಪೆನ್ಸಿಲ್ವೇನಿಯಾದಲ್ಲಿ ನ್ಯೂಮನ್ ಡಾರ್ಬಿ ಎಂಬವನಿದ್ದ. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವನ ಕಸುಬು. ಇವನು 1964ರಲ್ಲೇ ಹಲಗೆಯ ಮೇಲೆ ಎಲ್ಲ ಕಡೆಗೂ ಬಾಗುವ ಕಂಬವನ್ನಿಟ್ಟು, ಗಾಳಿಪಟದ ಆಕಾರದ ಹಾಯಿ ಕಟ್ಟಿ ತೇಲಿದ್ದ. ಹೆಂಡತಿ ನವೋಮಿಯೂ ಈ ಕೆಲಸದಲ್ಲಿ ಜೊತೆಗಾತಿ. 1965ರ ಆಗಸ್ಟಿನಲ್ಲಿ ಒಂದು ಪ್ರಸಿದ್ಧ ವಿಜ್ಞಾನ ಮಾಸಪತ್ರಿಕೆಯಲ್ಲಿ, ಇದನ್ನು ಯಾರು ಬೇಕಾದರೂ ಹೇಗೆ ಮಾಡಿಕೊಳ್ಳಬಹುದು ಎಂದು ಚಿತ್ರಸಮೇತ ಲೇಖನವನ್ನೂ ಬರೆದ. ಬಿಲ್ಲಿನಂಥ ಹಿಡಿಕೆಗೋಲು ಅದಕ್ಕಿರಲಿಲ್ಲ, ಸವಾರ ಹಾಯಿಗೆ ಬೆನ್ನು ಕೊಟ್ಟು ನಿಲ್ಲಬೇಕಿತ್ತು. ಪೇಟೆಂಟು ಪಡೆಯಲಿಲ್ಲ, ಹಲಗೆಗಳೂ ಹೆಚ್ಚು ಮಾರಾಟವಾಗಲಿಲ್ಲ. ಡಾರ್ಬಿ 2016ರಲ್ಲಿ ತೀರಿಕೊಂಡ. ಅವನ ಕಾಗದಪತ್ರಗಳು ಇಂದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿವೆ.

ಸರಿ, ಮೂವರು. ಇಲ್ಲಿಗೆ ಮುಗಿಯಿತೇ? ಇಲ್ಲ. ಇನ್ನೂ ಆರು ವರ್ಷ ಹಿಂದೆ ಹೋಗಬೇಕು, ಅಟ್ಲಾಂಟಿಕ್ ದಾಟಬೇಕು.

ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಹೇಲಿಂಗ್ ಎಂಬ ಪುಟ್ಟ ದ್ವೀಪವಿದೆ. 1958ರಲ್ಲಿ ಅಲ್ಲಿ ಪೀಟರ್ ಚಿಲ್ವರ್ಸ್ ಎಂಬ ಹನ್ನೆರಡು ವರ್ಷದ ಹುಡುಗ ಒಂದು ಪ್ಲೈವುಡ್ ಹಲಗೆ, ಡೇರೆಯ ಮೇಲುಬಟ್ಟೆ, ಒಂದು ಕೋಲು, ಕೆಲವು ಪರದೆಯ ಬಳೆ ಇಷ್ಟನ್ನು ಜೋಡಿಸಿ ಹಾಯಿಹಲಗೆ ಮಾಡಿಕೊಂಡ. ಹಾಯಿಯ ಎರಡೂ ಬದಿಗೆ ಒಂದೊಂದು ನೇರ ಕೋಲು ಕಟ್ಟಿದ್ದ. ಗಾಳಿ ತುಂಬಿದಾಗ ಆ ಕೋಲುಗಳು ತಾವಾಗಿಯೇ ಬಿಲ್ಲಿನಂತೆ ಬಾಗುತ್ತಿದ್ದವು. ಎರಡು ಬೇಸಿಗೆ, ವಾರದ ಕೊನೆಯಲ್ಲಿ, ಎಲ್ಲರ ಕಣ್ಣಿಗೂ ಬೀಳುವಂತೆ ಅದರ ಮೇಲೆ ಆಡಿದ. ಅದು ಆಟ ಅಷ್ಟೆ, ದೊಡ್ಡವರು ಯಾರೂ ಬರೆದಿಡಲಿಲ್ಲ.

ಇಪ್ಪತ್ತೈದು ವರ್ಷಗಳ ಮೇಲೆ ಅದು ಕೋರ್ಟಿಗೆ ಬಂತು. ಶ್ವೈಟ್ಸರನ ಕಂಪನಿ ಪೇಟೆಂಟು ಮುರಿದರೆಂದು ಬ್ರಿಟನ್ನಿನಲ್ಲಿ ಟಾಬುರ್ ಮರೀನ್ ಎಂಬ ಕಂಪನಿಯ ಮೇಲೆ ದಾವೆ ಹೂಡಿತ್ತು. ಪ್ರತಿವಾದಿಗಳು ಚಿಲ್ವರ್ಸನ ಹಲಗೆಯನ್ನೂ ಡಾರ್ಬಿಯ ಲೇಖನವನ್ನೂ ಮುಂದಿಟ್ಟರು. ಮೇಲ್ಮನವಿ ನ್ಯಾಯಾಲಯ ಎರಡನ್ನೂ ಒಪ್ಪಿತು. ಒಬ್ಬ ಬಾಲಕ ಇದನ್ನು ಹತ್ತು ವರ್ಷ ಮೊದಲೇ ಬಹಿರಂಗವಾಗಿ ಬಳಸಿದ್ದರಿಂದ ಹೊಸತನವಿಲ್ಲ, ಡಾರ್ಬಿಯ ಲೇಖನ ಓದಿದ ಬಲ್ಲವನಿಗೆ ಮುಂದಿನ ಹೆಜ್ಜೆ ಸಹಜವಾಗಿಯೇ ಹೊಳೆಯುತ್ತಿತ್ತು, ಆದ್ದರಿಂದ ಪೇಟೆಂಟು ಅಸಿಂಧು ಎಂದಿತು. 1985ರ ಕಾನೂನು ವರದಿಗಳಲ್ಲಿ ಪ್ರಕಟವಾದ ಈ ತೀರ್ಪಿನ ನಾಲ್ಕು ಹಂತದ ಪರೀಕ್ಷೆಯನ್ನು ಪೇಟೆಂಟು ಕಾನೂನು ಓದುವವರು ಈಗಲೂ ಓದುತ್ತಾರೆ.

ಅಮೆರಿಕದಲ್ಲಿ ಕಥೆ ಬೇರೆಯಾಯಿತು. 1983ರಲ್ಲಿ ತಿದ್ದಿ ಮರುನೀಡಿದ ಅದೇ ಪೇಟೆಂಟನ್ನು 1986ರಲ್ಲಿ ಅಲ್ಲಿನ ನ್ಯಾಯಾಲಯ ಎತ್ತಿಹಿಡಿಯಿತು. ಹೊರದೇಶದಲ್ಲಿ ಯಾರು ಏನನ್ನು ಬಳಸಿದರು ಎಂಬುದನ್ನು ಆಗಿನ ಅಮೆರಿಕದ ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಅಂದರೆ ಬಿಟ್ಟ ಸ್ಥಳಕ್ಕೆ ಒಂದು ದೇಶದಲ್ಲಿ ಒಂದು ಉತ್ತರ, ಇನ್ನೊಂದು ದೇಶದಲ್ಲಿ ಇನ್ನೊಂದು!

ನಾಲ್ವರೂ ಕದ್ದವರಲ್ಲ, ನಾಲ್ವರೂ ಸುಳ್ಳರಲ್ಲ. ಎಲ್ಲರ ಮುಂದೆಯೂ ಅದೇ ಗಾಳಿ, ಅದೇ ನೀರು ಇತ್ತು. ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋದದ್ದು ಆ ಹನ್ನೆರಡು ವರ್ಷದವನ ಕಡೆಗೆ. ಒಂದು ದೇಶದ ಉನ್ನತ ನ್ಯಾಯಾಲಯ ಕುಳಿತು, ಹುಡುಗನ ಆಟವೂ ಇತಿಹಾಸವೇ ಹೌದು ಎಂದಿತು. ನಾನು ಹಾಗೆ ಎಂದಿರಲಿಲ್ಲ.

ಈಗ ಕಡೆಯ ಮಾತು. 1997ರ ಅಕ್ಟೋಬರು. ನಾನು ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಶರಾವತಿ ಹೊಳೆ ಕಡಲು ಸೇರುವ ಭಾಗದಲ್ಲಿ ನಮ್ಮ ಶಾಲೆ. ಒಂದು ಮಧ್ಯಾಹ್ನ ಎಂಟನೆಯ ತರಗತಿಯ ಮೂವರು ಹುಡುಗರು ಬೆಲ್ಲಾದರೂ ಬರಲಿಲ್ಲ. ಹುಡುಕಿಕೊಂಡು ಹೊಳೆಯಂಚಿಗೆ ಹೋದರೆ, ಬಾಳೆದಿಂಡಿನ ತೆಪ್ಪದ ಮೇಲೆ ಇಬ್ಬರು ಕುಳಿತಿದ್ದಾರೆ, ಒಬ್ಬ ನಿಂತಿದ್ದಾನೆ. ನಿಂತವನ ಕೈಯಲ್ಲಿ ಒಂದು ಬಿದಿರು, ಬಿದಿರಿಗೆ ಕಟ್ಟಿದ ಹಳದಿ ಸೀರೆ ಗಾಳಿಗೆ ಉಬ್ಬಿತ್ತು. ಬಿದಿರನ್ನು ತೆಪ್ಪಕ್ಕೆ ಕಟ್ಟಿರಲಿಲ್ಲ, ಬರಿ ಕೈಯಲ್ಲಿ ಹಿಡಿದಿದ್ದ.

ನನ್ನ ಎದೆ ಧಸಕ್ಕೆಂದಿತು. ಇಳಿತದ ಹೊತ್ತು, ಸೆಳೆತ ಎಷ್ಟೆಂದು ಹೊಳೆದಂಡೆಯಲ್ಲಿ ಬೆಳೆದವರಿಗೆ ಗೊತ್ತು. ಕೂಗಿ ಕರೆದು ದಡಕ್ಕೆ ತಂದು ಮೂವರಿಗೂ ಬೆತ್ತದಲ್ಲಿ ಕೊಟ್ಟೆ. ನಿಂತಿದ್ದವನು ಅಳುತ್ತಲೇ, “ಟೀಚರ್, ನಾವು ಮುಳುಗೂದಿಲ್ಲ. ಬಿದಿರನ್ನ ಮುಂದೆ ಬಗ್ಗಿಸಿದ್ರೆ ತೆಪ್ಪ ಗಾಳಿ ಬಿಟ್ಟು ಆಚೆ ತಿರುಗ್ತದೆ, ಹಿಂದೆ ಬಗ್ಗಿಸಿದ್ರೆ ಗಾಳಿ ಬದಿಗೆ ಬರ್ತದೆ. ನಂಗೆ ಗೊತ್ತು,” ಎಂದ. ಎದುರು ಮಾತಾಡಬೇಡ ಎಂದು ಇನ್ನೊಂದು ಕೊಟ್ಟೆ. ಸೀರೆಯನ್ನು ಕಿತ್ತುಕೊಂಡು ಆಫೀಸಿನಲ್ಲಿಟ್ಟೆ.

ಅವರನ್ನು ನೀರಿನಿಂದ ಹೊರಗೆ ತಂದದ್ದು ತಪ್ಪೆಂದು ಇಂದಿಗೂ ಅನ್ನಿಸುವುದಿಲ್ಲ. ಅವತ್ತು ಒಬ್ಬ ಮುಳುಗಿದ್ದರೆ ಯಾವ ಇತಿಹಾಸದಿಂದ ಯಾರಿಗೇನು? ಆದರೆ ಭಯ ಇಳಿದ ಮೇಲೆ, ಮಾರನೆಯ ದಿನವಾದರೂ, ‘ನಿನಗೆ ಹೇಗೆ ಗೊತ್ತಾಯಿತು ಮಾರಾಯಾ?’ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಆ ವಾರ ಕಿರುಪರೀಕ್ಷೆಯಲ್ಲಿ ಅವನಿಗೆ ಬಿಟ್ಟ ಸ್ಥಳಗಳಲ್ಲಿ ಐದಕ್ಕೆ ಒಂದಂಕ ಬಂತು. ಮರುವರ್ಷ ಅವನು ಶಾಲೆ ಬಿಟ್ಟ.

ಗೋವೆಯಿಂದ ಬಂದ ಮೇಲೆ ವಿಚಾರಿಸಿದೆ. ಮೀನುಗಾರಿಕೆ ಬೋಟಿನಲ್ಲಿ ದುಡಿಯುತ್ತಿದ್ದಾನೆಂದು ತಿಳಿಯಿತು. ಒಂದು ಭಾನುವಾರ ಬಂದರಿಗೆ ಹೋದೆ. ಬಲೆ ಹೊಲಿಯುತ್ತಿದ್ದವನು ಎದ್ದು ನಿಂತು, ಟೀಚರ್ ಎಂದ. ತಲೆ ಅರ್ಧ ನರೆತಿತ್ತು. ನಾನು ಹಾಯಿಯ ಮಾತು ತೆಗೆದೆ. ಬಿದಿರನ್ನು ಬಾಗಿಸಿದ್ದು ಅವನಿಗೆ ನೆನಪೇ ಇರಲಿಲ್ಲ.

“ಸೀರೆ ನೆನಪುಂಟು ಟೀಚರ್,” ಎಂದ. “ಅವ್ವಿದು. ಕೇಳ್ದೆ ತಂದಿದ್ದೆ. ವಾಪಸು ಕೇಳೂಕೆ ಹೆದರಿಕೆ. ಅವ್ವಿ ಹತ್ರ ಇದ್ದದ್ದೇ ಮೂರು.”

ಆ ಸೀರೆ ಆಫೀಸಿನಿಂದ ಎಲ್ಲಿಗೆ ಹೋಯಿತೋ ನನಗೆ ತಿಳಿಯದು. ಬೋರ್ಡು ಒರೆಸುವ ಬಟ್ಟೆಯಾಗಿ ಹರಿದು ಹೋಗಿರಬೇಕು. ಅವ್ವಿ ಹೇಗಿದ್ದಾಳೆ ಎಂದು ಕೇಳಿದೆ. ತೀರಿಹೋಗಿ ಆರು ವರ್ಷವಾಯಿತೆಂದ. ಆಮೇಲೆ, ನಾನು ಹೊರಡುವಾಗ, ಒಂದು ಚೀಲ ಬಂಗಡೆ ತಂದು ಕೊಟ್ಟ. ಎಷ್ಟು ಹೇಳಿದರೂ ದುಡ್ಡು ಮುಟ್ಟಲಿಲ್ಲ.

ಇತಿಹಾಸದ ಪ್ರಶ್ನೆಪತ್ರಿಕೆಯನ್ನು ಈಗಲೂ ನಾನೇ ತೆಗೆಯುತ್ತೇನೆ. ಬಿಟ್ಟ ಸ್ಥಳಗಳನ್ನು ಪೂರ್ತಿ ಕೈಬಿಡಲು ಇಲಾಖೆಯ ಮಾದರಿ ಒಪ್ಪುವುದಿಲ್ಲ, ಇಸವಿ ಊರುಗಳನ್ನಷ್ಟೇ ಕೇಳುತ್ತೇನೆ. ‘ಕಂಡುಹಿಡಿದವರು ಯಾರು’ ಎಂಬುದನ್ನು ಮೂರಂಕಕ್ಕೆ ಏರಿಸಿದ್ದೇನೆ. ತಿದ್ದುವುದು ತಡವಾಗುತ್ತದೆ. ಹಾಲು ಉಕ್ಕಿ ಒಲೆ ಕೆಡುತ್ತದೆ.